ಮೂವತ್ತೊಂದು ಯಂತ್ರಗಳ ಖಾಲಿ ಜಾಗ

ಸರ್ವರ್ ಒಂದರ ಮುಚ್ಚಳ ತೆಗೆದು ಒಳಗೆ ಏನೇನಿದೆ ಎಂದು ನನಗೆ ಮೊದಲ ಸಲ ತೋರಿಸಿಕೊಟ್ಟವರನ್ನು ನಾನು ಹನ್ನೆರಡು ವರ್ಷ ಸರ್ ಎಂದೇ ಕರೆದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹೆಸರು ಬರೆಯುವ ಮನಸ್ಸಿಲ್ಲ. ಬರೆದರೆ ಯಾರ ಮನೆಯವರು, ಯಾವ ಇಗರ್ಜಿಯವರು ಎಂದು ಮಂಗಳೂರಿನಲ್ಲಿ ಮರುದಿನವೇ ಗೊತ್ತಾಗಿಬಿಡುತ್ತದೆ. ಅವರ ಹೆಂಡತಿ ಇನ್ನೂ ಇದೇ ಊರಿನಲ್ಲಿ ಓಡಾಡಿಕೊಂಡಿರಬೇಕಾದವರು.

ನಮ್ಮ ಸಂಸ್ಥೆ ಕದ್ರಿ ಗುಡ್ಡದ ಇಳಿಜಾರಿನಲ್ಲಿದೆ. ಅದರ ಕೆಳಗಿನ ಅಂತಸ್ತಿನ ಕೊನೆಯ ಕೋಣೆಯಲ್ಲಿ ನೂರ ಇಪ್ಪತ್ತೆಂಟು ಕಂಪ್ಯೂಟರುಗಳು ಕಬ್ಬಿಣದ ರ‍್ಯಾಕುಗಳಲ್ಲಿ ಒಂದರ ಮೇಲೊಂದು ಕೂತಿದ್ದವು. ಅವಕ್ಕೆ ಪರದೆಯೂ ಇಲ್ಲ, ಕೀಬೋರ್ಡೂ ಇಲ್ಲ. ಕೇಬಲ್ಲುಗಳಿಂದ ಒಂದಕ್ಕೊಂದು ಬೆಸೆದುಕೊಂಡು ಒಂದೇ ದೊಡ್ಡ ಯಂತ್ರದ ಹಾಗೆ ಕೆಲಸ ಮಾಡುತ್ತಿದ್ದವು. ಕಡಲ ಕೊರೆತ ಎಲ್ಲಿಯವರೆಗೆ ಬರಬಹುದು, ಔಷಧದ ಒಂದು ಅಣು ಹೇಗೆ ತಿರುಗಿ ಕೂರುತ್ತದೆ ಎಂಬಂಥ ಲೆಕ್ಕಗಳನ್ನು ಸಂಶೋಧಕರು ಅವಕ್ಕೆ ಒಪ್ಪಿಸಿ ಹೋಗುತ್ತಿದ್ದರು. ಇದನ್ನು ನಾವು ಕ್ಲಸ್ಟರ್ ಎನ್ನುತ್ತೇವೆ. ಕೋಣೆಯ ಒಳಗೆ ಫ್ಯಾನುಗಳ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಹೊರಗೆ ಮೇ ತಿಂಗಳ ಬೆವರು ಸುರಿಯುತ್ತಿದ್ದರೂ ಒಳಗೆ ಹೋಗುವಾಗ ನಾನು ಸ್ವೆಟರ್ ಹಾಕಿಕೊಳ್ಳುತ್ತಿದ್ದೆ.

ಆ ಕೋಣೆಯನ್ನು ಕಟ್ಟಿದವರು ಸರ್. ಕುವೈತಿನಲ್ಲಿ ಹಲವು ವರ್ಷ ಇದೇ ಕೆಲಸ ಮಾಡಿ, ಸಾಕಾಗಿ ಊರಿಗೆ ಬಂದವರು. ಮನೆ ಕೂಳೂರು ಸೇತುವೆಯ ಆಚೆ. ಬೆಳಿಗ್ಗೆ ತಡವಾದಾಗಲೆಲ್ಲ ಸೇತುವೆಯ ಮೇಲಿನ ಲಾರಿಗಳ ಸಾಲನ್ನು ಬೈಯುತ್ತಲೇ ಒಳಗೆ ಬರುತ್ತಿದ್ದರು. ನಾನು ಕೆಲಸಕ್ಕೆ ಸೇರುವಾಗ ನನಗೆ ಪುಸ್ತಕದಲ್ಲಿ ಓದಿದ್ದು ಮಾತ್ರ ಗೊತ್ತಿತ್ತು. ಅಪ್ಪ ಚಿಕ್ಕ ದೇವಸ್ಥಾನವೊಂದರಲ್ಲಿ ಪೂಜೆ ಮಾಡಿಕೊಂಡಿದ್ದವರು, ಆಗಲೇ ತೀರಿಹೋಗಿದ್ದರು. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಸ್ಕ್ರೂಡ್ರೈವರನ್ನು ನಾನು ಉಲ್ಟಾ ತಿರುಗಿಸುತ್ತಿದ್ದುದನ್ನು ಕಂಡು ಸರ್ ನಕ್ಕಿರಲಿಲ್ಲ. ತಾವು ಎಷ್ಟು ಬೋರ್ಡುಗಳನ್ನು ಸುಟ್ಟಿದ್ದೇವೆ ಎಂದು ಹೇಳಿ ಸಮಾಧಾನ ಮಾಡಿದ್ದರು.

ಒಂದು ಯಂತ್ರವನ್ನು ಬಿಚ್ಚಿ ಅವರು ಹೇಳಿಕೊಟ್ಟ ಮೊದಲ ವಿಷಯ ಗಾಳಿಯದ್ದು. ಸರ್ವರಿನ ಒಳಗೆ ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಒಳಗೆ ಎಲ್ಲಾದರೂ ಜಾಗ ಖಾಲಿ ಬಿಟ್ಟರೆ ಗಾಳಿ ಸುಲಭದ ದಾರಿ ಹುಡುಕಿ ಅಲ್ಲಿಂದಲೇ ಜಾರಿಬಿಡುತ್ತದೆ, ಪಕ್ಕದ ಚಿಪ್ ಬೇಯುತ್ತದೆ. ಅದಕ್ಕಾಗಿ ಖಾಲಿ ಜಾಗಕ್ಕೆ ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ಸಿಕ್ಕಿಸಿಡಬೇಕು. ಹೆಚ್ಚಿನವರು ಈ ತೊಂದರೆ ತೆಗೆದುಕೊಳ್ಳುವುದಿಲ್ಲ. ಸರ್ ಹಳೆಯ ಯಂತ್ರಗಳಿಂದ ತೆಗೆದ ಅಂಥ ಪಟ್ಟಿಗಳನ್ನು ಬಿಸ್ಕಿಟ್ ಡಬ್ಬಿಯಲ್ಲಿ ತುಂಬಿಟ್ಟುಕೊಂಡಿದ್ದರು.

ಮಧ್ಯಾಹ್ನದ ಊಟ ನಾವಿಬ್ಬರೂ ಒಟ್ಟಿಗೆ ಮಾಡುತ್ತಿದ್ದೆವು. ಅವರ ಡಬ್ಬಿಯಲ್ಲಿ ಮೀನು ಇದ್ದ ದಿನ ಅವರು ಮೇಜಿನ ಆ ತುದಿ, ನಾನು ಈ ತುದಿ. ಊಟದ ನಂತರ ಕದ್ರಿ ಪಾರ್ಕಿನಲ್ಲಿ ಒಂದು ಸುತ್ತು. ಅವರ ಹೆಂಡತಿ ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದರು. ಅವರನ್ನು ನಾನೂ ಅಮ್ಮನೂ ಬಾಯಮ್ಮ ಎಂದು ಕರೆಯುತ್ತಿದ್ದೆವು. ಕ್ರಿಸ್‌ಮಸ್ಸಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಕಳಿಸುವಾಗ ನಮ್ಮ ಮನೆಗೆಂದು ಮೊಟ್ಟೆ ಹಾಕದ ಹಿಟ್ಟು ಬೇರೆ ಕಲಸಿ, ಬೇರೆ ಎಣ್ಣೆಯಲ್ಲಿ ಕಿಡ್ಯೊ ಎಂಬ ಸಿಹಿ ತುಣುಕುಗಳನ್ನು ಕರಿದು ಕಳಿಸುತ್ತಿದ್ದರು. ಅಮ್ಮ ಬೇರೆ ಯಾರ ಮನೆಯದ್ದನ್ನೂ ಅಷ್ಟು ನಿಶ್ಚಿಂತೆಯಿಂದ ತಿಂದವರಲ್ಲ.

ಈಗ ಹೇಳುವ ಸಂಗತಿಗೆ ಮೂರು ವರ್ಷ ಮೊದಲು ಅಮ್ಮನಿಗೆ ನ್ಯುಮೋನಿಯಾ ಆಗಿ ಫಳ್ನೀರಿನ ಅದೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಹನ್ನೊಂದು ದಿನ. ನಾನು ಬೆಳಿಗ್ಗೆ ಎರಡು ಗಂಟೆ ಹೊತ್ತು ಕೆಲಸಕ್ಕೆ ಹೋಗಿ ಬರುತ್ತೇನೆ ಎಂದರೆ ಸರ್ ಒಪ್ಪಲಿಲ್ಲ. ರೂಮಿನ ಕಡೆ ಬರಲೇಬೇಡ, ಅಮ್ಮನ ಹತ್ತಿರ ಇರು, ಮೆಷಿನ್ ನಾನು ನೋಡಿಕೊಳ್ಳುತ್ತೇನೆ ಎಂದರು. ಬಾಯಮ್ಮ ತಮ್ಮ ಪಾಳಿ ಮುಗಿದ ಮೇಲೂ ವಾರ್ಡಿನಲ್ಲಿ ಕೂತು ಅಮ್ಮನ ಬೆನ್ನು ತಟ್ಟಿ ಕಫ ಹೊರಬರುವ ಹಾಗೆ ಮಾಡುತ್ತಿದ್ದರು. ಮನೆಗೆ ಬಂದ ಮೇಲೂ ತಿಂಗಳಿಗೊಮ್ಮೆ ಅಮ್ಮನಿಗೆ ಇಂಜೆಕ್ಷನ್ ಕೊಡಲು ತಾವೇ ಬರುತ್ತಿದ್ದರು. ಆ ದಿನಗಳನ್ನು ನೆನೆದಾಗಲೆಲ್ಲ, ನಮಗೆ ಬೇರೆ ನೆಂಟರಿಲ್ಲದಿದ್ದರೂ ನಡೆಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳು.

ಕಳೆದ ವರ್ಷ ಸಂಸ್ಥೆಗೆ ಹೊಸ ಯಂತ್ರಗಳು ಬರುವ ಮಾತಾಯಿತು. ಅದಕ್ಕೆ ಮೊದಲು ಈಗಿರುವ ಯಂತ್ರಗಳ ಪೂರ್ತಿ ವಿವರ ಬೇಕು, ಅದೂ ಯಂತ್ರಗಳಿಂದಲೇ ನೇರವಾಗಿ ತೆಗೆದ ವಿವರವಾಗಿರಬೇಕು ಎಂದು ಮೇಲಿನವರು ಕೇಳಿದ್ದರು. ಡೈರೆಕ್ಟರ್ ಆ ಕೆಲಸವನ್ನು ನನಗೆ ಒಪ್ಪಿಸಿದರು. ಅಲ್ಲಿಯವರೆಗೆ ಆ ವಿವರದ ಪಟ್ಟಿಯನ್ನು ಪ್ರತಿ ವರ್ಷ ಸರ್ ಒಬ್ಬರೇ ತಯಾರಿಸಿ ಕೊಡುತ್ತಿದ್ದರು. ಅಂದು ಊಟದ ಹೊತ್ತಿಗೆ ನಾನು ವಿಷಯ ಹೇಳಿದಾಗ ಅವರು ಡಬ್ಬಿಯಿಂದ ತಲೆ ಎತ್ತಲಿಲ್ಲ.

"ಅದಕ್ಕೆಂತ ಅಷ್ಟು ಮಂಡೆಬಿಸಿ ಮಾರಾಯ್ತಿ. ನನ್ನ ಹಳೆ ಶೀಟ್ ಉಂಟಲ್ಲ, ವರ್ಷ ಒಂದು ಬದಲಿಸಿ ಕೊಟ್ಟುಬಿಡು."

ನನ್ನ ಕೆಲಸ ಕಡಿಮೆಯಾಗಲಿ ಎಂದು ಹೇಳುತ್ತಿದ್ದಾರೆ ಎಂದುಕೊಂಡೆ. ಅವರು ನಿವೃತ್ತರಾಗಲು ಇನ್ನು ಒಂದು ವರ್ಷವೂ ಇರಲಿಲ್ಲ. ಅವರು ಕಟ್ಟಿದ ಕ್ಲಸ್ಟರಿನ ಒಂದೊಂದು ಭಾಗವೂ ಸರಿಯಾಗಿ ದಾಖಲಾದ ಪಟ್ಟಿಯೊಂದನ್ನು, ಅವರು ಹೋಗುವ ಮೊದಲು, ನಾನು ಮಾಡಿ ಮುಗಿಸಬೇಕು ಎಂಬ ಆಸೆ ನನ್ನದು. ನಿಜ ಹೇಳುವುದಾದರೆ ಅದು ಅವರಿಗೆ ನಾನು ಕೊಡುವ ಕಾಣಿಕೆ ಎಂದೇ ನನ್ನ ಮನಸ್ಸಿನಲ್ಲಿತ್ತು.

ನಾಲ್ಕು ದಿನ ಕೂತು ಪುಟ್ಟ ಪ್ರೋಗ್ರಾಮೊಂದನ್ನು ಬರೆದೆ. ಅದು ನೂರ ಇಪ್ಪತ್ತೆಂಟು ಯಂತ್ರಗಳಿಗೂ ಒಂದೊಂದಾಗಿ ಹೋಗಿ, ನಿನ್ನ ಸೀರಿಯಲ್ ನಂಬರ್ ಏನು, ಪ್ರೊಸೆಸರ್ ಯಾವುದು, ಡಿಸ್ಕ್ ಎಷ್ಟು, ಫ್ಯಾನ್ ಎಷ್ಟು, ರ‍್ಯಾಮ್ ಎಷ್ಟು ಎಂದು ಕೇಳಿ ಉತ್ತರವನ್ನು ತಂದು ಒಂದೇ ಹಾಳೆಯಲ್ಲಿ ಸಾಲಾಗಿ ಜೋಡಿಸುತ್ತಿತ್ತು. ಪ್ರತಿ ಸರ್ವರಿನ ಬೋರ್ಡಿನ ಮೇಲೆ ಇನ್ನೊಂದು ಸಣ್ಣ ಚಿಪ್ ಇರುತ್ತದೆ. ಸರ್ವರ್ ಆಫ್ ಆಗಿದ್ದರೂ ಅದು ಎಚ್ಚರವಾಗಿದ್ದು, ಮುಚ್ಚಳ ತೆರೆದದ್ದು, ಫ್ಯಾನ್ ನಿಂತದ್ದು, ಏನಾದರೂ ಭಾಗ ಕಡಿಮೆಯಾದದ್ದು ಎಲ್ಲವನ್ನೂ ತಾರೀಕಿನ ಸಮೇತ ಬರೆದಿಟ್ಟುಕೊಳ್ಳುತ್ತದೆ. ಕೇಳಿದವರು ಯಾರೂ ಇರಲಿಲ್ಲ, ಆದರೂ ಪೂರ್ತಿಯಾಗಿರಲಿ ಎಂದು ಆ ದಿನಚರಿಯನ್ನೂ ಕೊನೆಯ ಕಾಲಮ್ಮಿನಲ್ಲಿ ಸೇರಿಸಿದೆ.

ಒಂದು ಗುರುವಾರ ಬೆಳಿಗ್ಗೆ ಅದನ್ನು ಓಡಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಉತ್ತರಗಳೆಲ್ಲ ಬಂದಿದ್ದವು. ರ‍್ಯಾಮ್ ಎಂದರೆ ಗೇಣುದ್ದಕ್ಕಿಂತ ತುಸು ಚಿಕ್ಕದಾದ ಹಸಿರು ಪಟ್ಟಿಗಳು, ಯಂತ್ರ ಕೆಲಸ ಮಾಡುತ್ತಿರುವಾಗ ಎಲ್ಲವನ್ನೂ ನೆನಪಿಟ್ಟುಕೊಳ್ಳುವುದು ಅವುಗಳಲ್ಲೇ. ನಮ್ಮ ಪ್ರತಿ ಯಂತ್ರಕ್ಕೂ ಅಂಥವು ಎಂಟೆಂಟು ಇರಬೇಕು. ಹಾಳೆಯಲ್ಲಿ ಎಂಟು, ಎಂಟು, ಎಂಟು ಎಂದು ಹೋಗುತ್ತಿದ್ದ ಕಾಲಮ್ಮು ಕೊನೆಯ ಎರಡು ರ‍್ಯಾಕುಗಳಿಗೆ ಬರುವಾಗ ನಾಲ್ಕು ಎಂದಾಯಿತು. ಎಣಿಸಿದೆ. ಮೂವತ್ತೊಂದು ಯಂತ್ರಗಳಲ್ಲಿ ನಾಲ್ಕೇ ನಾಲ್ಕು.

ಪ್ರೋಗ್ರಾಮಿನಲ್ಲಿ ತಪ್ಪಿರಬೇಕು ಎಂದು ಇನ್ನೆರಡು ಸಲ ಓಡಿಸಿದೆ. ಆ ಮೂವತ್ತೊಂದನ್ನು ಸರ್ ಮೂರು ವರ್ಷದ ಹಿಂದೆಯೇ ಬೇರೆ ಮಾಡಿ, ಸಣ್ಣಪುಟ್ಟ ಲೆಕ್ಕಗಳಿಗೆ ಮಾತ್ರ ಬಿಟ್ಟಿದ್ದರು. ಪ್ರಾಯ ಆಯಿತು, ಹಗುರದ ಕೆಲಸ ಮಾಡಿಕೊಂಡಿರಲಿ ಎಂದು ಆಗ ಹೇಳಿದ್ದರು. ನನಗೆ ಅದು ಅವರ ಮುತುವರ್ಜಿಯಾಗಿ ಕಂಡಿತ್ತು.

ಸ್ವೆಟರ್ ಹಾಕಿಕೊಂಡು ಕೋಣೆಗೆ ಹೋದೆ. ಸಾಲಿನ ಮೊದಲ ಯಂತ್ರವನ್ನು ನಿಲ್ಲಿಸಿ, ಹೊರಗೆಳೆದು, ಮುಚ್ಚಳ ತೆಗೆದೆ. ನಾಲ್ಕು ಕಡೆ ರ‍್ಯಾಮ್ ಇತ್ತು. ಉಳಿದ ನಾಲ್ಕು ಕಡೆ ಕಪ್ಪು ಪ್ಲಾಸ್ಟಿಕ್ಕಿನ ಪಟ್ಟಿಗಳು ಅಂದವಾಗಿ, ಗಾಳಿ ಜಾರಿಹೋಗದ ಹಾಗೆ, ಸಿಕ್ಕಿಸಲ್ಪಟ್ಟಿದ್ದವು. ಎರಡನೆಯದನ್ನು ತೆಗೆದೆ. ಮೂರನೆಯದನ್ನು ತೆಗೆದೆ. ಎಲ್ಲದರಲ್ಲಿಯೂ ಹಾಗೆಯೇ. ಕಳ್ಳ ಕೈಯೊಂದು ಬಂದು ಕಿತ್ತುಕೊಂಡು ಹೋಗಿದ್ದರೆ ಆ ಜಾಗ ಬಾಯಿ ತೆರೆದು ಕೂತಿರುತ್ತಿತ್ತು. ಇಲ್ಲಿ ಭಾಗವನ್ನು ತೆಗೆದವರಿಗೆ ಯಂತ್ರ ಬೇಯಬಾರದು ಎಂಬ ಕಾಳಜಿಯೂ ಇತ್ತು. ಹಾಗೆ ಕಾಳಜಿ ಮಾಡುವವರು ಆ ಕಟ್ಟಡದಲ್ಲಿ ಇಬ್ಬರೇ. ಒಬ್ಬಳು ನಾನು.

ನಾನು ಎಷ್ಟು ಹೊತ್ತು ಆ ತಣ್ಣನೆಯ ನೆಲದ ಮೇಲೆ ಕೂತಿದ್ದೆನೋ ಗೊತ್ತಿಲ್ಲ. ಮುಚ್ಚಳಗಳನ್ನು ಹಾಕಿ, ಯಂತ್ರಗಳನ್ನು ಮತ್ತೆ ಚಾಲೂ ಮಾಡಿ ಹೊರಗೆ ಬಂದೆ. ಡೈರೆಕ್ಟರರ ಕೋಣೆ ಮೇಲಿನ ಮಹಡಿಯಲ್ಲಿತ್ತು, ಮೆಟ್ಟಿಲು ನನ್ನ ಎದುರಿಗೇ ಇತ್ತು. ಹತ್ತಲಿಲ್ಲ. ಮೊದಲು ಸರ್ ಜೊತೆ ಮಾತಾಡಬೇಕು, ಅವರ ಬಾಯಿಂದಲೇ ಕೇಳಬೇಕು ಎಂದು ಅನಿಸಿತು. ಹನ್ನೆರಡು ವರ್ಷದ ನಂತರ ಅಷ್ಟೂ ಇಲ್ಲದಿದ್ದರೆ ಹೇಗೆ?

ಊಟ ಮುಗಿಸಿ ಪಾರ್ಕಿಗೆ ಹೋದೆವು. ಅಂದು ಮೋಡ ಕವಿದು ಸೆಕೆ ಜಾಸ್ತಿಯಿತ್ತು. ಬೆಂಚಿನ ಮೇಲೆ ಕೂತ ಮೇಲೆ ಹೇಳಿದೆ. ಮೂವತ್ತೊಂದು ಯಂತ್ರಗಳಲ್ಲಿ ಅರ್ಧ ರ‍್ಯಾಮ್ ಇಲ್ಲ, ಮೂರನ್ನು ಬಿಚ್ಚಿ ನೋಡಿದೆ, ಖಾಲಿ ಜಾಗಕ್ಕೆ ಯಾರೋ ಪಟ್ಟಿ ಸಿಕ್ಕಿಸಿಟ್ಟಿದ್ದಾರೆ ಎಂದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

ನಂತರ ಅವರು ಹೇಳಿದ್ದು ಇಷ್ಟು. ಅಳಿಯ ಆ್ಯನಿಮೇಶನ್ ಮಾಡುವ ಸಣ್ಣ ಸ್ಟುಡಿಯೋ ಶುರು ಮಾಡಿದ್ದ. ಒಪ್ಪಿಕೊಂಡ ಕೆಲಸ ಅವನ ಯಂತ್ರಗಳಲ್ಲಿ ಓಡದೆ ನಿಂತುಹೋಗಿತ್ತು. ಎರಡು ತಿಂಗಳಿಗೆಂದು ಇಲ್ಲಿಂದ ತೆಗೆದುಕೊಟ್ಟದ್ದು. ಎರಡು ತಿಂಗಳು ಆರಾಯಿತು. ಆಮೇಲೆ ಸ್ಟುಡಿಯೋವೇ ಮುಚ್ಚಿತು, ಒಳಗಿದ್ದದ್ದೆಲ್ಲ ಯಾರ ಯಾರ ಕೈಗೆ ಹೋಯಿತೋ ಅವನಿಗೂ ಗೊತ್ತಿಲ್ಲ. ಹೇಳಿ ಮುಗಿಸುವವರೆಗೂ ಅವರು ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲಿಲ್ಲ. ನನಗೆ ಅವರ ಮೇಲೆ ಸಿಟ್ಟಿಗಿಂತ ಹೆಚ್ಚು ಕನಿಕರ ಬಂತು, ಅದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

"ಸೋಮವಾರದವರೆಗೆ ಸಮಯ ಕೊಡು ಬಾಯೆ," ಎಂದರು, ಮಗಳನ್ನು ಕರೆಯುವ ಹಾಗೆ. "ನಾನೇ ಡೈರೆಕ್ಟರ್ ಹತ್ರ ಹೋಗಿ ಎಲ್ಲ ಹೇಳ್ತೇನೆ. ಬೇರೆಯವರ ಬಾಯಿಂದ ಹೋಗುದು ಬೇಡ."

ಆಗಲಿ ಎಂದೆ. ಈ ಹಾಳೆಯನ್ನು ಇನ್ನು ಯಾರಾದರೂ ನೋಡಿದ್ದಾರಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನನಗೆ ಕಳಿಸು, ಅದನ್ನು ಇಟ್ಟುಕೊಂಡೇ ಮಾತಾಡುತ್ತೇನೆ ಎಂದರು. ಕೋಣೆಗೆ ಮರಳಿದ ಕೂಡಲೇ ಕಳಿಸಿದೆ.

ಶುಕ್ರವಾರ ಅವರು ರಜೆ ಹಾಕಿದ್ದರು. ಶನಿವಾರ, ಭಾನುವಾರ ನಾನು ಫೋನ್ ಮಾಡಲಿಲ್ಲ. ಅವರಿಗೆ ಅದು ಎಂಥ ಕಷ್ಟದ ಎರಡು ದಿನವಾಗಿರಬಹುದು ಎಂದು ಯೋಚಿಸುತ್ತಾ ಇದ್ದೆ. ಸೋಮವಾರ ಡೈರೆಕ್ಟರ್ ಏನಾದರೂ ಕಠಿಣವಾಗಿ ಹೇಳಿದರೆ ನಾನು ಅವರ ಪರವಾಗಿ ಏನು ಹೇಳಬಹುದು ಎಂದು ಮನಸ್ಸಿನಲ್ಲೇ ವಾಕ್ಯಗಳನ್ನು ಕಟ್ಟಿಕೊಂಡಿದ್ದೆ.

ಸೋಮವಾರ ಹತ್ತು ಗಂಟೆಗೆ ಕರೆ ಬಂತು. ಹೋದಾಗ ಸರ್ ಆಗಲೇ ಅಲ್ಲಿ ಕುರ್ಚಿಯಲ್ಲಿ ಕೂತಿದ್ದರು. ಡೈರೆಕ್ಟರ್ ನನ್ನನ್ನು ಕೂರಲು ಹೇಳಲಿಲ್ಲ. ಮೇಜಿನ ಮೇಲಿದ್ದ ಪತ್ರವನ್ನು ನನ್ನ ಕಡೆ ತಿರುಗಿಸಿದರು. ಸರ್ ಬರೆದದ್ದು, ಶುಕ್ರವಾರದ ತಾರೀಕು. ಯಂತ್ರಗಳ ವಿವರ ಸಂಗ್ರಹಿಸುವಾಗ ಮೂವತ್ತೊಂದು ಸರ್ವರುಗಳಲ್ಲಿ ಭಾಗಗಳು ಕಾಣೆಯಾಗಿರುವುದು ತಮ್ಮ ಗಮನಕ್ಕೆ ಬಂದಿದೆ. ಕೋಣೆಯ ದಿನನಿತ್ಯದ ಉಸ್ತುವಾರಿ ಮತ್ತು ಕೀಲಿ ಸಹಾಯಕಿಯ ಬಳಿ ಇತ್ತು. ವಿಚಾರಿಸಿದಾಗ ಆಕೆಯಿಂದ ತೃಪ್ತಿಕರ ಉತ್ತರ ಬರಲಿಲ್ಲ. ಆದ್ದರಿಂದ ತನಿಖೆ ನಡೆಸಬೇಕು. ಪತ್ರದ ಜೊತೆ ನಾನು ಮಾಡಿದ ಹಾಳೆಯೇ ಇತ್ತು, ತಯಾರಿಸಿದವರು ಎಂಬಲ್ಲಿ ಅವರ ಹೆಸರಿತ್ತು.

ನಾನು ಓದಿ ಮುಗಿಸಿ ಅವರ ಕಡೆ ನೋಡಿದೆ. ಅವರು ಮೇಜಿನ ಗಾಜಿನ ಕೆಳಗಿಟ್ಟಿದ್ದ ಕ್ಯಾಲೆಂಡರನ್ನು ನೋಡುತ್ತಿದ್ದರು. ಸರ್ ಎಂದು ಕರೆದೆ. ತಲೆ ಎತ್ತಲಿಲ್ಲ. ಗುರುವಾರ ಪಾರ್ಕಿನಲ್ಲಿ ನಡೆದ ಮಾತನ್ನು ನಾನು ಹೇಳತೊಡಗಿದಾಗ ಅವರು ಡೈರೆಕ್ಟರ್ ಕಡೆ ತಿರುಗಿ, ಮೆಲ್ಲನೆ, ಬಹಳ ಬೇಸರದಿಂದ ಎಂಬಂತೆ ಹೇಳಿದರು.

"ಹೆದರಿದ್ದಾಳೆ ಸರ್. ಒಳ್ಳೆ ಹುಡುಗಿಯೇ. ಎಂತ ಮಾಡುದು."

ಅಂದೇ ಕೋಣೆಯ ಕೀಲಿ ಮತ್ತು ಪಾಸ್‌ವರ್ಡುಗಳನ್ನು ಒಪ್ಪಿಸಿದೆ. ತನಿಖೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದರು. ಗುರುವಾರ ಆ ಮೆಟ್ಟಿಲು ಹತ್ತಿದ್ದರೆ ಸಾಕಿತ್ತು ಎಂದು ಆ ಮೆಟ್ಟಿಲನ್ನು ಇಳಿಯುವಾಗ ಗೊತ್ತಾಯಿತು.

ಅಮ್ಮನಿಗೆ ರಜೆ ಎಂದು ಹೇಳಿದೆ. ಎರಡು ದಿನ ನಂಬಿದಳು, ಮೂರನೆಯ ದಿನ ನಂಬಲಿಲ್ಲ. ಕೆಲಸದಲ್ಲಿ ಸ್ವಲ್ಪ ತೊಂದರೆಯಾಗಿದೆ, ಯಂತ್ರದ ಭಾಗಗಳು ಕಾಣೆಯಾಗಿವೆ, ವಿಚಾರಣೆ ಉಂಟು ಎಂದಷ್ಟೇ ಹೇಳಿದೆ. ಅಮ್ಮ ಮೊದಲು ಕೇಳಿದ್ದು, ಸರ್ ಹತ್ತಿರ ಹೇಳಿದ್ದೀಯಾ ಎಂದು. ನಾನು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದೆ.

ಆ ವಾರವೇ ಅಮ್ಮನ ಇಂಜೆಕ್ಷನ್ನಿನ ದಿನ ಬಂತು. ಬಾಯಮ್ಮ ಬರಲಾರರು ಎಂದುಕೊಂಡಿದ್ದೆ. ಆದರೆ ಆಸ್ಪತ್ರೆಯಿಂದ ನೇರವಾಗಿ, ಎಂದಿನ ಹಾಗೆ, ಚೀಲದಲ್ಲಿ ಅಮ್ಮನಿಗೆಂದು ಎರಡು ಚಿಕ್ಕು ಇಟ್ಟುಕೊಂಡು ಬಂದರು. ಇಂಜೆಕ್ಷನ್ ಕೊಟ್ಟು ಅಮ್ಮನನ್ನು ಮಲಗಿಸಿ ಹೊರಗೆ ಬಂದು ನನ್ನ ಪಕ್ಕ ಸೋಫಾದಲ್ಲಿ ಕೂತರು. ನನ್ನ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡರು.

"ಅವರು ನನ್ನ ಹತ್ರ ಎಲ್ಲ ಹೇಳಿದ್ದಾರೆ," ಎಂದರು. "ನೀನು ಮಂಡೆಬಿಸಿ ಮಾಡ್ಬೇಡ ಬಾಯೆ. ತಪ್ಪು ಯಾರಿಂದಲೂ ಆಗ್ತದೆ. ಅವರು ಹೇಗಾದ್ರೂ ನಿನ್ನ ಕೆಲಸ ಉಳಿಸ್ತಾರೆ. ಸರಿ ಊಟ ಇಲ್ಲ ಅವರಿಗೆ, ನಿನ್ನದೇ ಯೋಚನೆ."

ನನ್ನನ್ನು ಬಚಾವು ಮಾಡಲು ಅವರು ಡೈರೆಕ್ಟರ್ ಮುಂದೆ ಎಷ್ಟೆಲ್ಲ ಬೇಡಿಕೊಂಡಿದ್ದಾರೆ, ಪೊಲೀಸಿಗೆ ಹೋಗದಂತೆ ಹೇಗೆ ತಡೆದಿದ್ದಾರೆ ಎಂದು ಬಾಯಮ್ಮ ಹೇಳುತ್ತಾ ಹೋದರು. ನನಗಾಗಿ ನವೆನ, ಒಂಬತ್ತು ದಿನದ ಪ್ರಾರ್ಥನೆ, ಶುರು ಮಾಡಿದ್ದೇನೆ ಎಂದರು. ಅವರ ಮುಖದಲ್ಲಿ ನನ್ನ ಬಗ್ಗೆ ಒಂದು ಚೂರೂ ಅಸಹ್ಯವಿರಲಿಲ್ಲ. ನಾನು ಕದ್ದಿದ್ದೇನೆ ಎಂದು ನಂಬಿಯೂ ನನ್ನ ಕೈ ಹಿಡಿದು ಕೂತಿದ್ದರು. ಬಾಯಿ ತೆರೆದರೆ ನಿಜ ಹೊರಬರುತ್ತಿತ್ತು. ನಿಜ ಹೊರಬಂದರೆ ಅವರು ಅಂದು ಯಾವ ಮನೆಗೆ ಹೋಗಬೇಕು? ಒಳಗೆ ಅಮ್ಮ ಮಲಗಿದ್ದಳು, ಅವಳ ಬೆನ್ನು ತಟ್ಟಿದ ಕೈ ನನ್ನ ಕೈಯ ಮೇಲಿತ್ತು. ನಾನು ಸುಮ್ಮನೆ ಕೇಳಿಸಿಕೊಂಡೆ. ಹೊರಡುವಾಗ ಅವರು ನನ್ನ ತಲೆ ನೇವರಿಸಿ ಹೋದರು.

ಆ ದಿನದವರೆಗೆ ನನಗೆ ದುಃಖವಿತ್ತು. ಅವರು ಗೇಟು ದಾಟಿ ಹೋದ ಮೇಲೆ ಸಿಟ್ಟು ಬಂತು. ಕೆಲಸದ ಕಡೆ ನನ್ನ ಮೇಲೆ ತಪ್ಪು ಹೊರಿಸಿದ್ದನ್ನು ಹೆದರಿಕೆಯಿಂದ ಮಾಡಿದ್ದು ಎಂದು ಹೇಗೋ ಅರ್ಥ ಮಾಡಿಕೊಳ್ಳಬಹುದಿತ್ತು. ಮನೆಗೆ ಹೋಗಿ ಹೆಂಡತಿಯ ಮುಂದೆ ನನ್ನನ್ನು ಕಾಪಾಡುವವರ ವೇಷ ಹಾಕಿಕೊಳ್ಳಲು ಅವರಿಗೆ ಯಾರೂ ಹೇಳಿರಲಿಲ್ಲ.

ಮರುದಿನ ನಾನು ನಡೆದದ್ದನ್ನು ಒಂದೊಂದಾಗಿ ಬರೆಯತೊಡಗಿದೆ. ಪ್ರೋಗ್ರಾಮ್ ಏನೇನು ಕೇಳುತ್ತಿತ್ತು ಎಂದು ಬರೆಯುವಾಗ ಕೊನೆಯ ಕಾಲಮ್ಮಿಗೆ ಬಂದು ಕೈ ನಿಂತಿತು. ಡೈರೆಕ್ಟರರ ಮೇಜಿನ ಮೇಲೆ ನಾನು ನೋಡಿದ ಹಾಳೆಯಲ್ಲಿ ಆ ಕಾಲಮ್ಮು ಇರಲಿಲ್ಲ. ಯಂತ್ರಗಳ ದಿನಚರಿಯನ್ನು ಸರ್ ಕತ್ತರಿಸಿ ತೆಗೆದಿದ್ದರು. ನಾನೋ, ಗುರುವಾರದ ಗಾಬರಿಯಲ್ಲಿ, ಸಂಗ್ರಹಿಸಿದ್ದನ್ನು ಓದಿಯೇ ಇರಲಿಲ್ಲ. ಆದರೆ ಹಾಳೆಯಿಂದ ತೆಗೆದರೇನು, ಯಂತ್ರಗಳ ಒಳಗೆ ಅದು ಇದ್ದೇ ಇರುತ್ತದೆ. ಅಲ್ಲಿಂದ ಅಳಿಸಿದರೆ, ಅಳಿಸಿದ ದಿನವನ್ನೇ ಮೊದಲ ಸಾಲಾಗಿ ಅದು ಬರೆದುಕೊಳ್ಳುತ್ತದೆ. ಇದು ಸರ್ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ತನಿಖೆಗೆಂದು ನೇಮಿಸಿದ ಸಮಿತಿಯಲ್ಲಿ ಮೂವರಿದ್ದರು. ಮುಖ್ಯಸ್ಥರಾಗಿದ್ದವರು ಹೊರಗಿನ ಕಾಲೇಜಿನಿಂದ ನಿವೃತ್ತರಾದ ಪ್ರೊಫೆಸರ್, ಕಡಿಮೆ ಮಾತಿನ ಹೆಂಗಸು. ನಾನು ಬರೆದುಕೊಟ್ಟಿದ್ದನ್ನು ಎರಡು ಸಲ ಓದಿದರು. ಸರಿ, ಮಾತು ಬೇಡ, ಯಂತ್ರಗಳನ್ನೇ ಕೇಳೋಣ ಎಂದರು. ಹೊರಗಿನಿಂದ ಒಬ್ಬ ಎಂಜಿನಿಯರನ್ನು ಕರೆಸಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು, ಆ ಮೂವತ್ತೊಂದರ ದಿನಚರಿಯನ್ನು ಗೋಡೆಯ ಪರದೆಯ ಮೇಲೆ ಒಂದೊಂದಾಗಿ ತೆರೆಸಿದರು.

ಎಂಜಿನಿಯರ್ ಗಟ್ಟಿಯಾಗಿ ಓದುತ್ತಿದ್ದ. ಮುಚ್ಚಳ ತೆರೆಯಲಾಗಿದೆ, ತಾರೀಕು ಇಷ್ಟು. ರ‍್ಯಾಮ್ ಕಡಿಮೆಯಾಗಿದೆ, ತಾರೀಕು ಇಷ್ಟು. ಮೂರು ಯಂತ್ರ ಒಂದೇ ದಿನ, ನಾಲ್ಕು ಯಂತ್ರ ಮರುದಿನ. ಆ ಗುರುವಾರ ನಾನು ಮೂರು ಮುಚ್ಚಳ ತೆರೆದದ್ದನ್ನು ಬಿಟ್ಟರೆ ಎಲ್ಲವೂ ಮೂರು ವರ್ಷ ಹಿಂದಿನವು. ತಿಂಗಳ ಹೆಸರು ಕಿವಿಗೆ ಬಿದ್ದಾಗ ನನಗೆ ಏನೂ ಹೊಳೆಯಲಿಲ್ಲ. ಐದನೆಯದೋ ಆರನೆಯದೋ ತಾರೀಕು ಓದುವಾಗ, ಅದು ಅಮ್ಮನಿಗೆ ಆಕ್ಸಿಜನ್ ತೆಗೆದ ದಿನ ಎಂದು ನೆನಪಾಯಿತು. ಆಮೇಲೆ ಒಂದೊಂದು ತಾರೀಕೂ ಒಂದೊಂದು ಬೆಳಗಾಗಿ ಕಣ್ಣಮುಂದೆ ಬಂತು. ಬಾಯಮ್ಮ ಗಂಜಿ ತಂದ ದಿನ. ಎಕ್ಸ್‌ರೇ ಚೆನ್ನಾಗಿ ಬಂದ ದಿನ. ನಾನು ಸರ್ ಅವರಿಗೆ ಫೋನ್ ಮಾಡಿ, ನೀವಿಲ್ಲದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಅತ್ತ ದಿನ. ಮೂವತ್ತೊಂದು ಯಂತ್ರಗಳೂ ಆ ಹನ್ನೊಂದು ದಿನಗಳ ಒಳಗೇ ಮುಗಿದಿದ್ದವು.

ಪ್ರೊಫೆಸರ್ ಹಾಜರಿ ಪುಸ್ತಕ ತರಿಸಿ ನೋಡಿದರು. ನಾನು ರಜೆಯಲ್ಲಿದ್ದೆ ಎಂಬುದನ್ನು ಬರೆದುಕೊಂಡರು. ನನ್ನ ಕಡೆ ನೋಡಿ ಸಣ್ಣದಾಗಿ ತಲೆಯಾಡಿಸಿದರು, ಇನ್ನು ನಿನಗೆ ಚಿಂತೆಯಿಲ್ಲ ಎನ್ನುವ ಹಾಗೆ. ನನಗೆ ಬಿಡುಗಡೆಯಾದ ಹಾಗೆ ಅನಿಸಲಿಲ್ಲ. ನನ್ನ ಬದುಕಿನಲ್ಲಿ ಯಾರಾದರೂ ನನಗೆ ಮಾಡಿದ ಅತಿ ದೊಡ್ಡ ಉಪಕಾರ ಎಂದು ನಾನು ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು, ಅಪರಿಚಿತರ ಎದುರು, ಗೋಡೆಯ ಮೇಲೆ ಒಂದೊಂದೇ ಸಾಲಾಗಿ ಅಳಿಸುತ್ತಿದ್ದರು.

ಹೊರಗೆ ಕಾರಿಡಾರಿನಲ್ಲಿ ಸರ್ ನೀರಿನ ಫಿಲ್ಟರ್ ಬಳಿ ನಿಂತಿದ್ದರು. ನಾನಾಗಿಯೇ ಹತ್ತಿರ ಹೋದೆ. ನನ್ನನ್ನು ಆಸ್ಪತ್ರೆಯಲ್ಲೇ ಇರು ಎಂದು ಹೇಳಿದ್ದು ಇದಕ್ಕೇನಾ ಎಂದು ಕೇಳಿದೆ. ಅವರು ಲೋಟದ ನೀರನ್ನು ಪೂರ್ತಿ ಕುಡಿದರು.

"ನಿನ್ನ ಅಮ್ಮನಿಗೆ ಹುಷಾರಿರ್ಲಿಲ್ಲ," ಎಂದರು. "ಅದೂ ನಿಜವೇ ಅಲ್ವಾ?"

ನಮ್ಮ ನಡುವಿನ ಕೊನೆಯ ಮಾತು ಅದು.

ಸಮಿತಿ ತನ್ನ ವರದಿ ಕೊಟ್ಟಿತು. ಅದರಲ್ಲಿ ಏನು ಬರೆದಿತ್ತು ಎಂಬುದನ್ನು ನನಗೆ ತೋರಿಸಲಿಲ್ಲ. ನನ್ನ ಕೈಗೆ ಬಂದದ್ದು ಎರಡು ಸಾಲಿನ ಪತ್ರ: ನನ್ನ ವಿರುದ್ಧದ ಆರೋಪಕ್ಕೆ ಸಾಕಷ್ಟು ಆಧಾರ ಸಿಕ್ಕಿಲ್ಲ, ಕೆಲಸಕ್ಕೆ ಹಾಜರಾಗಬಹುದು. ನಾನು ಮಾಡಿಲ್ಲ ಎಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸರ್ ಆರೋಗ್ಯದ ಕಾರಣ ಕೊಟ್ಟು, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು. ಒಂದು ಶನಿವಾರ ಬೀಳ್ಕೊಡುಗೆಯ ಸುತ್ತೋಲೆ ಬಂತು. ಡೈರೆಕ್ಟರ್ ನನ್ನನ್ನು ಕರೆದು, ಅವರ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊತ್ತಿರುವುದು ನಿಮಗೆ, ಸನ್ಮಾನಪತ್ರ ನೀವೇ ಬರೆದುಕೊಡಿ ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ನಾನು ಆಗುವುದಿಲ್ಲ ಎಂದಾಗ ಅವರಿಗೆ ನಿಜವಾಗಿ ಬೇಸರವಾಯಿತು. ಸಂಸ್ಥೆಯ ಹೆಸರಿನ ಪ್ರಶ್ನೆ, ಮುಗಿದದ್ದನ್ನು ಎಳೆಯಬೇಡಿ, ನಿಮ್ಮ ಮೇಲೆ ಏನೂ ಇಲ್ಲವೆಂದು ಬರೆದುಕೊಟ್ಟಿದ್ದೇವಲ್ಲ ಎಂದರು.

ಬೀಳ್ಕೊಡುಗೆಯ ದಿನ ನಾನು ಕೆಳಗೆ ಯಂತ್ರಗಳ ಕೋಣೆಯಲ್ಲಿದ್ದೆ. ಫ್ಯಾನುಗಳ ಸದ್ದಿಗೆ ಮೇಲಿನ ಚಪ್ಪಾಳೆ ಕೇಳಿಸಲಿಲ್ಲ. ಶಾಲು, ಹಾರ, ಒಂದು ಗಡಿಯಾರ ಕೊಟ್ಟರೆಂದು ಆಮೇಲೆ ಯಾರೋ ಹೇಳಿದರು. ಸಹೋದ್ಯೋಗಿಗಳಲ್ಲಿ ಕೆಲವರು ಈಗಲೂ ನನ್ನ ಎದುರು ಕೀಲಿಯ ಮಾತು ಬಂದರೆ ಮಾತು ಬದಲಿಸುತ್ತಾರೆ. ಪತ್ರದಲ್ಲಿ ಇಲ್ಲದ್ದನ್ನು ಅವರು ತಮಗೆ ತೋಚಿದಂತೆ ತುಂಬಿಕೊಂಡಿದ್ದಾರೆ.

ಬಾಯಮ್ಮ ಮತ್ತೆ ಬರಲಿಲ್ಲ. ಎರಡು ತಿಂಗಳು ಅಮ್ಮ ಕಾದಳು. ಆಮೇಲೆ ನಾನೇ ಅವಳನ್ನು ರಿಕ್ಷಾದಲ್ಲಿ ಫಳ್ನೀರಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗತೊಡಗಿದೆ. ಅಮ್ಮನಿಗೆ ಈಗ ಎಲ್ಲವೂ ಗೊತ್ತು. ಆದರೆ ಬಾಯಮ್ಮನ ಬಗ್ಗೆ ಮಾತಾಡುವಾಗ ಅವಳ ಧ್ವನಿ ಇಂದಿಗೂ ಬದಲಾಗಿಲ್ಲ.

ಹೋದ ತಿಂಗಳು ಅಮ್ಮನನ್ನು ಕ್ಲಿನಿಕ್ಕಿನಲ್ಲಿ ಕೂರಿಸಿ ಔಷಧ ತರಲು ಪಕ್ಕದ ಮೆಡಿಕಲ್ಲಿಗೆ ಹೋಗಿದ್ದೆ. ಕೌಂಟರಿನಲ್ಲಿ ನರ್ಸ್ ಯೂನಿಫಾರ್ಮಿನಲ್ಲಿ ಬಾಯಮ್ಮ ನಿಂತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ನೋಡಿ ಮುಖ ತಿರುಗಿಸುತ್ತಾರೆ ಎಂದುಕೊಂಡೆ, ತಿರುಗಿಸಲಿಲ್ಲ. ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಹೇಳಿದೆ. ಇಂಜೆಕ್ಷನ್ ಯಾರು ಕೊಡುವುದು ಎಂದು ಕೇಳಿದರು. ಅದನ್ನೂ ಹೇಳಿದೆ. ಅಂಗಡಿಯವನು ಅವರ ಪೊಟ್ಟಣ ಕೊಟ್ಟ ಮೇಲೂ ಅವರು ಹೋಗಲಿಲ್ಲ.

"ನನಗೆ ಈಗ ಎಲ್ಲ ಗೊತ್ತುಂಟು," ಎಂದರು. ಅವರ ಗಂಡನ ಪರವಾಗಿ ಕ್ಷಮೆ ಕೇಳುತ್ತಾರೇನೋ, ಕೇಳಿದರೆ ಬೇಡ ಎನ್ನಬೇಕು ಎಂದುಕೊಂಡಿದ್ದೆ. ಅವರು ಕೇಳಲಿಲ್ಲ.

"ಅವತ್ತು ನಿಮ್ಮ ಮನೆಯಲ್ಲಿ ನಾನು ಅಷ್ಟೆಲ್ಲ ಮಾತಾಡುವಾಗ ನಿನಗೆ ಗೊತ್ತಿತ್ತು. ನನ್ನನ್ನು ಮಾತಾಡ್ಲಿಕ್ಕೆ ಬಿಟ್ಟೆ."

"ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ ಬಾಯಮ್ಮ."

"ಮನೆಯಲ್ಲಿ ಅವರೂ ಅದನ್ನೇ ಹೇಳಿದ್ದು," ಎಂದರು.

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಪೊಟ್ಟಣವನ್ನು ಚೀಲಕ್ಕೆ ಹಾಕಿ, ಅಮ್ಮನಿಗೆ ಬಿಸಿನೀರು ಕೊಡುತ್ತಿರು, ಕಫ ಕಟ್ಟಲು ಬಿಡಬೇಡ ಎಂದು ಹೇಳಿ, ಬಸ್ಸು ಆಟೋಗಳ ನಡುವೆ ರಸ್ತೆ ದಾಟಿ ಆಸ್ಪತ್ರೆಯ ಗೇಟಿನೊಳಗೆ ಹೋದರು. ಅಮ್ಮ ಪಕ್ಕದ ಕ್ಲಿನಿಕ್ಕಿನಲ್ಲೇ ಇದ್ದಾಳೆ, ಒಮ್ಮೆ ಬಂದು ನೋಡಿ ಹೋಗಿ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅಂಗಡಿಯವನು ನನ್ನ ಚೀಟಿಗೆ ಕೈ ಚಾಚಿದ.